ಪೋಷಕತ್ವದ ಮಗುವಿಗೆ ಹಗಲಿನ ಆಸರೆ ಯಾರು?

ದತ್ತಕವೆಂದರೇನೆಂಬುದು ನಮ್ಮ ಸಮಾಜಕ್ಕೆ ಚೆನ್ನಾಗಿ ಗೊತ್ತು. ಪೋಷಕತ್ವದ ಬಗ್ಗೆ ತಿಳಿದವರು ಕಡಿಮೆ. ಹೆತ್ತವರೊಡನೆ ಬಾಳಲಾಗದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯು ನಿಗದಿತ ಅವಧಿಗೆ ಮತ್ತೊಂದು ಕುಟುಂಬದ ಮಡಿಲಿಗೆ ಒಪ್ಪಿಸುವ ವ್ಯವಸ್ಥೆಯೇ ಪೋಷಕತ್ವ. 2015ರ ಬಾಲನ್ಯಾಯ ಕಾಯ್ದೆಯ 44ನೆಯ ಕಲಮು ಇದಕ್ಕೆ ಆಧಾರ. ಮಗುವಿನ ಶಿಕ್ಷಣ, ಆರೋಗ್ಯ ಮತ್ತು ಆಹಾರದ ಹೊಣೆ ಕುಟುಂಬದ್ದು. ಆ ಕುಟುಂಬಕ್ಕೆ ತಿಂಗಳ ನೆರವು ನೀಡುವ ಹೊಣೆ ರಾಜ್ಯ ಸರ್ಕಾರದ್ದು.

ಈ ನೆರವು ಎಷ್ಟು? ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಮಹಾರಾಷ್ಟ್ರವು ತನ್ನ ಬಾಲಸಂಗೋಪನ ಯೋಜನೆಯಲ್ಲಿ 2,250 ರೂಪಾಯಿ ನೀಡುತ್ತದೆ. ಅನ್ನ, ಬಟ್ಟೆ, ಪುಸ್ತಕಗಳಿಗೆ ಈ ಹಣ ಒದಗೀತು. ಆದರೆ ಮನೆಯವರು ದುಡಿಯಲು ಹೋದಾಗ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ.

ಸರ್ಕಾರದ ಎರಡು ಯೋಜನೆಗಳನ್ನು ಅಕ್ಕಪಕ್ಕ ಇಟ್ಟರೆ ಕೊರತೆ ಕಣ್ಣಿಗೆ ಕಾಣುತ್ತದೆ. ‘ಪಾಲನಾ’ ಯೋಜನೆಯ ಶಿಶುಪಾಲನಾ ಕೇಂದ್ರಗಳು ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಕ್ಕಳಿಗೆ ಮೀಸಲು. ಪೋಷಕತ್ವಕ್ಕೆ ಒಪ್ಪಿಸಲಾಗುವವರಾದರೋ ಮುಖ್ಯವಾಗಿ ಆರು ವರ್ಷ ದಾಟಿದವರು. ಒಂದು ಬಾಗಿಲು ಮುಚ್ಚುವ ವಯಸ್ಸಿನಲ್ಲೇ ಇನ್ನೊಂದು ಬಾಗಿಲು ತೆರೆಯುತ್ತದೆ. ನಡುವಿನ ಜಗುಲಿಯಲ್ಲಿ ಮಗು ಒಂಟಿಯಾಗಿ ನಿಲ್ಲುತ್ತದೆ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ವ್ಯವಸ್ಥೆ ಇರಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ವಿಧಿಸಿದೆ. ಸಣ್ಣ ಅಂಗಡಿಯಲ್ಲಿ ದುಡಿಯುವವಳಿಗೆ, ಮನೆಯಲ್ಲೇ ಹೊಲಿಗೆ ಮಾಡುವವಳಿಗೆ ಅದರಿಂದ ಪ್ರಯೋಜನವಿಲ್ಲ.

ಆರು ದಾಟಿದ ಮಗುವಿಗೆ ಪಾಳಣಾಘರವೇಕೆ ಎಂದು ಕೇಳುವವರಿದ್ದಾರೆ. ಮುಂಬಯಿ, ಪುಣೆಗಳ ಎಷ್ಟೋ ಶಾಲೆಗಳು ಅರ್ಧ ದಿನದ ಪಾಳಿಯಲ್ಲಿ ನಡೆಯುತ್ತವೆ. ಶಾಲೆ ಬಿಟ್ಟ ಹೊತ್ತಿನಿಂದ ಲೋಕಲ್ ರೈಲಿನಲ್ಲಿ ಮನೆಯವರು ಮರಳುವವರೆಗೆ ಐದಾರು ತಾಸುಗಳ ಅಂತರ. ಒಮ್ಮೆ ಮನೆಯನ್ನೇ ಕಳೆದುಕೊಂಡ ಮಗುವಿನ ಕೈಗೆ ಬೀಗದ ಕೈ ಕೊಟ್ಟು ಒಂಟಿಯಾಗಿರು ಎನ್ನುವುದು ಪೋಷಣೆಯಲ್ಲ.

2024ರ ಮಾದರಿ ಮಾರ್ಗಸೂಚಿಯು 35ರಿಂದ 60 ವರ್ಷದ ಒಂಟಿ ವ್ಯಕ್ತಿಗಳಿಗೂ ಪೋಷಕರಾಗುವ ಅವಕಾಶ ನೀಡಿತು. ಇದು ಸ್ವಾಗತಾರ್ಹ. ಆದರೆ ಒಂಟಿ ಮಹಿಳೆ ದುಡಿಯಲೇಬೇಕು. ಹಗಲಿನ ಆಸರೆಯಿಲ್ಲದೆ ಅವಳು ಮಗುವನ್ನು ಕರೆತರುವುದೆಂತು? ಹೀಗಾದರೆ ಮನೆಯಲ್ಲೇ ಇರುವ ಗೃಹಿಣಿಯುಳ್ಳ ಕುಟುಂಬಗಳಿಗೆ ಮಾತ್ರ ಈ ಅವಕಾಶ ಸೀಮಿತವಾಗುತ್ತದೆ. ಉಳಿದ ಮಕ್ಕಳು ಬಾಲಮಂದಿರಗಳಲ್ಲೇ ಬೆಳೆಯುತ್ತಾರೆ.

ಆದ್ದರಿಂದ ಸರ್ಕಾರದ ಮುಂದಿಡಬೇಕಾದ ಬೇಡಿಕೆಗಳು ಮೂರು. ಪೋಷಣಾ ಭತ್ಯೆಯಲ್ಲದೆ ಹಗಲಿನ ಆರೈಕೆಗೆ ಪ್ರತ್ಯೇಕ ನೆರವು ಸಿಗಬೇಕು. ‘ಪಾಲನಾ’ ಕೇಂದ್ರಗಳು ಶಾಲೆಯ ನಂತರದ ಹೊತ್ತಿನಲ್ಲಿ ಹನ್ನೆರಡು ವರ್ಷದವರೆಗಿನ ಪೋಷಕತ್ವದ ಮಕ್ಕಳಿಗೂ ತೆರೆದಿರಬೇಕು. ಮಗು ಮನೆಗೆ ಬಂದ ಮೊದಲ ವಾರಗಳಲ್ಲಿ ದುಡಿಯುವ ಪೋಷಕರಿಗೆ ವೇತನಸಹಿತ ರಜೆ ದೊರೆಯಬೇಕು. ಹಣದಾಸೆಗೆ ಮಕ್ಕಳನ್ನು ತರುವವರು ಹುಟ್ಟಿಕೊಂಡಾರು ಎಂಬ ಶಂಕೆ ನಿರಾಧಾರವೇನಲ್ಲ. ಅದಕ್ಕೆ ಪರಿಹಾರ, ಹಗಲಿನ ಆರೈಕೆಯ ಹಣವನ್ನು ಹಾಜರಿಯ ಆಧಾರದ ಮೇಲೆ ನೇರವಾಗಿ ಕೇಂದ್ರಕ್ಕೇ ಪಾವತಿಸುವುದು. ಪೋಷಕ ಕುಟುಂಬಗಳನ್ನು ಪ್ರತಿ ತಿಂಗಳೂ ಪರಿಶೀಲಿಸುವ ಕರ್ತವ್ಯವನ್ನು ಕಾಯ್ದೆ ಈಗಾಗಲೇ ಸಮಿತಿಗೆ ವಹಿಸಿದೆ. ಅದು ಕಾಗದದಲ್ಲಿ ಉಳಿಯದಂತೆ ನೋಡಿಕೊಂಡರೆ ಸಾಕು.

ಸರ್ಕಾರದತ್ತ ಬೆರಳು ತೋರಿದ ಮಾತ್ರಕ್ಕೆ ನಮ್ಮ ಹೊಣೆ ಮುಗಿಯದು. ಕುಂಭೋಜದ ಜೈನ ಮನೆತನದಲ್ಲಿ ಹುಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು ರಯತ ಶಿಕ್ಷಣ ಸಂಸ್ಥೆಯ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳನ್ನು ಒಂದೇ ಸೂರಿನಡಿ ಬೆಳೆಸಿದರು. ಆ ಮಕ್ಕಳ ಊಟಕ್ಕಾಗಿ ಪತ್ನಿ ಲಕ್ಷ್ಮೀಬಾಯಿ ತಮ್ಮ ಒಡವೆಗಳನ್ನೇ ಕೊಟ್ಟರು. ಆ ಪರಂಪರೆಯ ವಾರಸುದಾರರಾದ ನಾವು ಇಂದು ಕಲಶದ ಸವಾಲಿನಲ್ಲಿ ಪೈಪೋಟಿಗಿಳಿಯುತ್ತೇವೆ. ಅನಾಥ ಮಗುವಿನ ಮಾತು ಬಂದರೆ ಅದರ ಕುಲಗೋತ್ರ ವಿಚಾರಿಸುತ್ತೇವೆ.

ಮಹಾನಗರಗಳಲ್ಲಿ ನಮ್ಮ ಬಸದಿಗಳ ಸಭಾಗೃಹಗಳು ವಾರದ ದಿನಗಳಲ್ಲಿ ಬಹುಪಾಲು ಖಾಲಿ. ಮಧ್ಯಾಹ್ನ ಒಂದರಿಂದ ಸಂಜೆ ಏಳರವರೆಗೆ ಅವುಗಳಲ್ಲಿ ಮಕ್ಕಳ ಆರೈಕೆ ನಡೆಯಬಹುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಒಪ್ಪಿಗೆ, ಪೊಲೀಸ್ ಪರಿಶೀಲನೆಯಾದ ಸಿಬ್ಬಂದಿ, ಸಂಬಳ ಪಡೆಯುವ ಇಬ್ಬರು ಆರೈಕೆದಾರರು, ಬಿಸಿ ಉಪಾಹಾರ, ಪಾಠಕ್ಕೊಂದು ಮೂಲೆ: ಇಷ್ಟರಿಂದ ಆರಂಭಿಸಬಹುದು. ಮಗು ಯಾವ ಮತದ್ದಾದರೂ ಅದರ ಹೆಸರು, ಭಾಷೆ, ನಂಬಿಕೆಗಳನ್ನು ಬದಲಿಸುವ ಅಧಿಕಾರ ನಮಗಿಲ್ಲವೆಂಬುದನ್ನೂ ಮರೆಯಬಾರದು.

ಚತುರ್ವಿಧ ದಾನಗಳಲ್ಲಿ ಅಭಯದಾನವೂ ಒಂದು. ಪ್ರಾಣಿಪಕ್ಷಿಗಳಿಗೆ ಪಾಂಜರಪೋಳಗಳನ್ನು ಕಟ್ಟಿದ ಸಮಾಜ ನಮ್ಮದು. ನಮ್ಮ ಟ್ರಸ್ಟುಗಳು ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಒಂದು ಸಭಾಗೃಹವನ್ನಾದರೂ ಪ್ರಾಯೋಗಿಕವಾಗಿ ತೆರೆಯಲಿ.