ಕೆಂಪು ಹೆಗಲುವಸ್ತ್ರವೂ ನಮ್ರತೆಯ ಅಳತೆಗೋಲೂ

2025ರ ಮೇ 8ರಂದು ಸಂತ ಪೇತ್ರರ ಮಹಾದೇವಾಲಯದ ಮೇಲುಪ್ಪರಿಗೆಯಲ್ಲಿ ಹದಿನಾಲ್ಕನೆಯ ಲಿಯೋ ಜಗದ್ಗುರುಗಳು ಕಾಣಿಸಿಕೊಂಡಾಗ ಅವರ ಮೊದಲ ಮಾತು ಶಾಂತಿಯನ್ನು ಕುರಿತದ್ದಾಗಿತ್ತು. ಆದರೆ ಅನೇಕರ ದೃಷ್ಟಿ ನೆಟ್ಟದ್ದು ಅವರು ಧರಿಸಿದ್ದ ಕೆಂಪು ಹೆಗಲುವಸ್ತ್ರದ ಮೇಲೆ. 2013ರ ಮಾರ್ಚ್ 13ರಂದು ಅದೇ ಸ್ಥಳದಲ್ಲಿ ಬರಿಯ ಬಿಳಿ ನಿಲುವಂಗಿಯಲ್ಲಿ ನಿಂತು, ತಮಗಾಗಿ ಪ್ರಾರ್ಥಿಸಿರೆಂದು ಜನರ ಮುಂದೆ ತಲೆಬಾಗಿದ ಫ್ರಾನ್ಸಿಸರೊಡನೆ ಹೋಲಿಕೆ ಆರಂಭವಾಯಿತು. ವಿನಯದ ಯುಗ ಮುಗಿಯಿತೆಂದು ಕೆಲವರು ಮರುಗಿದರೆ, ಪೀಠದ ಘನತೆ ಮರಳಿತೆಂದು ಮತ್ತೆ ಕೆಲವರು ಹಿಗ್ಗಿದರು. ಎರಡೂ ಪಕ್ಷಗಳ ಕೈಯಲ್ಲಿದ್ದ ಅಳತೆಗೋಲು ಒಂದೇ, ಅದು ದರ್ಜಿಯ ಅಳತೆಪಟ್ಟಿ!

ಬಾಹ್ಯ ಕುರುಹುಗಳಿಗೆ ಅರ್ಥವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ ನಡೆಯುತ್ತಿದ್ದಾಗ, 1964ರ ನವೆಂಬರಿನಲ್ಲಿ, ಆರನೆಯ ಪೌಲರು ತಮ್ಮ ಮೂರು ಸುತ್ತಿನ ಕಿರೀಟವನ್ನು ಬಡವರ ಹೆಸರಿನಲ್ಲಿ ಪೂಜಾಪೀಠದ ಮೇಲಿರಿಸಿದರು. ಅವರ ನಂತರ ಬಂದ ಯಾವ ಜಗದ್ಗುರುವಿಗೂ ಕಿರೀಟಧಾರಣೆ ನಡೆದಿಲ್ಲ. ಫ್ರಾನ್ಸಿಸರು ತಮ್ಮ ಅಂತ್ಯಸಂಸ್ಕಾರದ ವಿಧಿಯನ್ನೇ ಸರಳಗೊಳಿಸಿ, ಮೂರು ಶವಪೆಟ್ಟಿಗೆಗಳ ಹಳೆಯ ಪದ್ಧತಿಯನ್ನು ಕೈಬಿಟ್ಟರು. 2025ರ ಏಪ್ರಿಲ್ 26ರಂದು ಅವರನ್ನು ಸಮಾಧಿ ಮಾಡಿದ ಸಂತ ಮರಿಯಾ ಮಜೋರೆ ಮಹಾದೇವಾಲಯದಲ್ಲಿ ಕಲ್ಲಿನ ಮೇಲಿರುವುದು ಅವರ ಲತೀನ್ ಹೆಸರು ಮಾತ್ರ. ಒಂದು ಶಂಕುಸ್ಥಾಪನೆಯ ಫಲಕದಲ್ಲಿ ಹದಿನೈದು ಹೆಸರುಗಳನ್ನು, ಅವುಗಳ ಬಿರುದುಗಳ ಸಮೇತ ತುರುಕುವ ನಮ್ಮ ಧರ್ಮಕೇಂದ್ರಗಳವರು ಆ ಕಲ್ಲಿನ ಚಿತ್ರವನ್ನು ಒಮ್ಮೆ ನೋಡುವುದು ಒಳಿತು.

ಆದರೂ ಸರಳತೆ ಬೇರೆ, ನಮ್ರತೆ ಬೇರೆ. ಹರಕು ಬಟ್ಟೆಯೊಳಗೂ ಅಹಂಕಾರ ಸುಖವಾಗಿ ಬಾಳಬಲ್ಲುದು. ದೇವಾಲಯಕ್ಕೆ ಪ್ರಾರ್ಥಿಸಲು ಹೋದ ಫರಿಸಾಯ ಮತ್ತು ಸುಂಕದವನ ಸಾಮತಿಯಲ್ಲಿ ಯಾರು ಯಾವ ಉಡುಪು ಧರಿಸಿದ್ದರೆಂಬುದನ್ನು ಯೇಸುಸ್ವಾಮಿ ತಿಳಿಸಲೇ ಇಲ್ಲ. ಇಂದು ಕೆಂಪು ವಸ್ತ್ರಕ್ಕಾಗಿ ಟೀಕೆಗೊಳಗಾದವರು 2015ರಿಂದ 2023ರವರೆಗೆ ಪೆರು ದೇಶದ ಚಿಕ್ಲಾಯೋದಲ್ಲಿ ಧರ್ಮಾಧ್ಯಕ್ಷರಾಗಿದ್ದು, ಪ್ರವಾಹದ ನೀರಿನಲ್ಲಿ ರಬ್ಬರ್ ಬೂಟು ತೊಟ್ಟು ನಿಂತವರೇ ಆಗಿದ್ದಾರೆ.

ಹಾಗಾದರೆ ನಮ್ರತೆಯನ್ನು ಎಲ್ಲಿ ಹುಡುಕಬೇಕು? ಫ್ರಾನ್ಸಿಸರ ಜೀವನದಲ್ಲಿ ಅದು ಹೊಳೆದದ್ದು, ನಮ್ಮ ದೃಷ್ಟಿಯಲ್ಲಿ, ಅವರಿಗೆ ಅತ್ಯಂತ ಮುಜುಗರ ತಂದ ಪ್ರಸಂಗದಲ್ಲಿ. ಚಿಲಿ ದೇಶದ ಕರಾದಿಮಾ ಎಂಬ ಯಾಜಕನು ಬಾಲಕರ ಮೇಲೆಸಗಿದ ದುಷ್ಕೃತ್ಯಗಳನ್ನು ಕಂಡೂ ಕಾಣದಂತಿದ್ದರೆಂಬ ಆಪಾದನೆ ಧರ್ಮಾಧ್ಯಕ್ಷ ಬಾರೋಸ್ ಅವರ ಮೇಲಿತ್ತು. ಅವರು ಅದನ್ನು ಅಲ್ಲಗಳೆಯುತ್ತ ಬಂದಿದ್ದರು. 2018ರ ಜನವರಿಯಲ್ಲಿ ಚಿಲಿಗೆ ಭೇಟಿಯಿತ್ತ ಜಗದ್ಗುರುಗಳು ಸಾಕ್ಷ್ಯವಿಲ್ಲದ ಈ ಆರೋಪ ಕೇವಲ ಅಪನಿಂದೆಯೆಂದು ಪತ್ರಕರ್ತರ ಮುಂದೆ ನುಡಿದುಬಿಟ್ಟರು. ನೊಂದವರ ಗಾಯಕ್ಕೆ ಇದು ಉಪ್ಪೆರಚಿದಂತಾಯಿತು. ಬೋಸ್ಟನ್ನಿನ ಕಾರ್ಡಿನಲ್ ಓಮ್ಯಾಲಿಯವರು, ಜಗದ್ಗುರುಗಳ ಮಾತು ಸಂತ್ರಸ್ತರಿಗೆ ತೀವ್ರ ನೋವುಂಟುಮಾಡಿದೆಯೆಂದು ಬಹಿರಂಗವಾಗಿಯೇ ಹೇಳಿದರು. ನಮ್ಮ ಯಾವುದಾದರೂ ಸಂಘದಲ್ಲಿ ಅಧ್ಯಕ್ಷರ ಮಾತನ್ನು ಕಾರ್ಯದರ್ಶಿ ಹೀಗೆ ತಿದ್ದಿದ್ದರೆ ಮುಂದಿನ ಸಭೆಗೆ ಆತನಿಗೆ ಆಹ್ವಾನ ಹೋಗುತ್ತಿತ್ತೇ?

ಫ್ರಾನ್ಸಿಸರು ಮುನಿಸಿಕೊಳ್ಳಲಿಲ್ಲ. ಮಾಲ್ಟಾದ ಮಹಾಧರ್ಮಾಧ್ಯಕ್ಷ ಶಿಕ್ಲೂನಾ ಅವರನ್ನು ವಿಚಾರಣೆಗೆ ನೇಮಿಸಿದರು. 64 ಮಂದಿಯ ಹೇಳಿಕೆಗಳು, 2,300 ಪುಟಗಳ ವರದಿ. ಅದನ್ನು ಓದಿದ ಬಳಿಕ ಏಪ್ರಿಲಿನಲ್ಲಿ ಚಿಲಿಯ ಧರ್ಮಾಧ್ಯಕ್ಷರಿಗೆ ಪತ್ರ ಬರೆದು, ಪರಿಸ್ಥಿತಿಯನ್ನು ತೂಗುವಲ್ಲಿ ತಮ್ಮಿಂದ ಗಂಭೀರ ತಪ್ಪುಗಳಾದವೆಂದು ಒಪ್ಪಿಕೊಂಡು ಕ್ಷಮೆ ಬೇಡಿದರು. ಮೂವರು ಸಂತ್ರಸ್ತರನ್ನು ತಾವು ವಾಸವಾಗಿದ್ದ ಸಂತ ಮಾರ್ಥಾ ಅತಿಥಿಗೃಹಕ್ಕೇ ಕರೆಸಿಕೊಂಡು, ಒಬ್ಬೊಬ್ಬರ ಮಾತನ್ನೂ ಪ್ರತ್ಯೇಕವಾಗಿ ಆಲಿಸಿದರು. ಮೇ ತಿಂಗಳಲ್ಲಿ ಚಿಲಿಯ ಧರ್ಮಾಧ್ಯಕ್ಷರು ಸಾಮೂಹಿಕವಾಗಿ ರಾಜೀನಾಮೆ ಸಲ್ಲಿಸಿದರು. ಜೂನಿನಲ್ಲಿ ಬಾರೋಸ್ ಅವರ ರಾಜೀನಾಮೆ ಅಂಗೀಕೃತವಾಯಿತು. ಇಷ್ಟರಿಂದಲೇ ನೊಂದವರಿಗೆಲ್ಲ ನ್ಯಾಯ ದೊರೆಯಿತೆಂದು ನಾವು ಹೇಳಲಾರೆವು. ಆದರೆ ಕ್ಯಾಮೆರಾಗಳ ಮುಂದೆ ಆಡಿದ ಮಾತನ್ನು ಜಗತ್ತಿನ ಮುಂದೆಯೇ ಹಿಂತೆಗೆದುಕೊಳ್ಳಲು ಬೇಕಾದ ಎದೆಗಾರಿಕೆ ಸಾಮಾನ್ಯವಾದುದಲ್ಲ. ಬಡವರ ಪಾದ ತೊಳೆದವನನ್ನು ಲೋಕ ಕೊಂಡಾಡುತ್ತದೆ. ನಾನು ತಪ್ಪಿದೆನೆಂದವನಿಗೆ ಅಂಥ ಚಪ್ಪಾಳೆ ಸಿಗದು.

ಹೀಗೆ ಬಾಗಿದ್ದರ ಫಲ ಯಾವಾಗಲೂ ಕಣ್ಣಿಗೆ ಬೀಳುವುದಿಲ್ಲವೆಂಬುದೂ ಸತ್ಯ. 2019ರ ಏಪ್ರಿಲ್ 11ರಂದು, ತಮ್ಮ 82ನೆಯ ವಯಸ್ಸಿನಲ್ಲಿ, ಫ್ರಾನ್ಸಿಸರು ದಕ್ಷಿಣ ಸೂಡಾನಿನ ಪರಸ್ಪರ ವೈರಿ ನಾಯಕರಾದ ಸಾಲ್ವಾ ಕೀರ್ ಮತ್ತು ರೀಕ್ ಮಚಾರ್ ಅವರ ಪಾದಗಳಿಗೆ ಮುತ್ತಿಟ್ಟು ಶಾಂತಿಯನ್ನು ಯಾಚಿಸಿದರು. ಮರುವರ್ಷ ಅಲ್ಲಿ ಐಕ್ಯ ಸರಕಾರವೇನೋ ರಚನೆಯಾಯಿತು. ಆದರೆ 2025ರ ಮಾರ್ಚಿನಲ್ಲಿ ಮಚಾರ್ ಗೃಹಬಂಧನಕ್ಕೊಳಗಾದರು. ಬಾಗಿದವರ ನಮ್ರತೆ ಎದುರಿಗೆ ನಿಂತವರಿಗೆ ತಾನಾಗಿ ಅಂಟುವ ವಸ್ತುವಲ್ಲ.

ಚಿಲಿಯ ಪ್ರಸಂಗ ನಮ್ಮ ಮನೆಗಳಿಗೂ ದೂರದ್ದಲ್ಲ. ಮಕ್ಕಳನ್ನು ಅನ್ಯಾಯವಾಗಿ ಗದರಿದ ತಂದೆ ಮರುದಿನ ಮಿಠಾಯಿ ತರುತ್ತಾನೆ, ಕ್ಷಮೆ ಕೇಳುವುದಿಲ್ಲ. ಆಸ್ತಿಯ ಜಗಳದಲ್ಲಿ ಮಾತು ಬಿಟ್ಟ ಸಹೋದರರು ಒಂದೇ ಬಲಿಪೂಜೆಯಲ್ಲಿ ಎರಡು ಸಾಲುಗಳಲ್ಲಿ ಕುಳಿತು ಹೋಗುತ್ತಾರೆ. ಪವಿತ್ರ ಗುರುವಾರ ಪಾದ ತೊಳೆಸಿಕೊಳ್ಳುವ ಹನ್ನೆರಡು ಮಂದಿಯ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲವೆಂದು ಮುನಿಯುವವರೂ ಉಂಟು!

2018ರಲ್ಲಿ ಅತಿಥಿಗೃಹಕ್ಕೆ ಬಂದಿದ್ದ ಆ ಮೂವರಲ್ಲಿ ಹುವಾನ್ ಕಾರ್ಲೋಸ್ ಕ್ರೂಸ್ ಒಬ್ಬರು. ಅವರಂಥವರ ದೂರನ್ನೇ ಅಪನಿಂದೆ ಎಂದು ಕರೆಯಲಾಗಿತ್ತು. 2021ರಲ್ಲಿ ಫ್ರಾನ್ಸಿಸರು ಅವರನ್ನು ಅಪ್ರಾಪ್ತ ವಯಸ್ಕರ ರಕ್ಷಣೆಗಾಗಿರುವ ವ್ಯಾಟಿಕನ್ ಆಯೋಗದ ಸದಸ್ಯರನ್ನಾಗಿ ನೇಮಿಸಿದರು.