ಶಿಕ್ಕಾ ನಮ್ಮ ಟ್ರಂಕಿನಾಗ ಇರ್ಲಿ

ಅಕ್ಕಾರ, ವೈನಿಯಾರ, ನಮ್ಮ ಹತ್ತರಗ್ಯಾಗ ಮಹಿಳಾ ಸಂಘದ ಶಿಕ್ಕಾ ಯಾರ ಕಿಸೇದಾಗ ಇರತೈತಿ, ಒಮ್ಮಿ ನೋಡ್ರಿ. ಅಧ್ಯಕ್ಷರು ನಾವು, ಶಿಕ್ಕಾ ಮನಿಯವರ ಕಡೆ! "ನಿನಗ್ಯಾಕ ತ್ರಾಸ" ಅಂತಾರ. ನಾವೂ ಖಾಲಿ ಚೀಟಿಗೆ ಸಹಿ ಮಾಡಿ ಕೊಟ್ಟು ಒಲಿ ಮುಂದ ಕುಂದರತೀವಿ. ಇದು ತಪ್ಪು.

2000-01ರಾಗ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದದ್ದು ಹೆಂಗಸರಿಗೆ ರೊಕ್ಕದ ಬಲ ಬರ್ಲಿ ಅಂತ, ಗಂಡಸರಿಗೆ ಶಿಕ್ಕಾ ಒತ್ತೂ ಕೆಲಸ ಸಿಗ್ಲಿ ಅಂತ ಅಲ್ಲ.

ಹುಡುಗ್ರು ಬಟಾಟಿ ಕೊಯ್ದು, ಅಕ್ಷರ ಉಲ್ಟಾ ಕೆತ್ತಿ, ಬಣ್ಣ ಹಚ್ಚಿ ಹಾಳಿ ಮ್ಯಾಲ ಒತ್ತತಾವಲ್ಲ, ರಬ್ಬರಿಂದೂ ಹಂಗ. ಯಾರು ಒತ್ತಿದ್ರೂ ಒಂದ ನಮೂನಿ ಮೂಡತೈತಿ. ಜವಾಬ್ದಾರಿ ಮಾತ್ರ ಸಹಿ ಮಾಡಿದವರದು. ನಾಳೆ ಸಾಲದ ಲೆಕ್ಕ ಕೇಳಾಕ ಬಂದವರು "ಈ ಸಹಿ ಯಾರದ್ರಿ?" ಅಂತಾರ, ಶಿಕ್ಕಾ ಒತ್ತಿದವರನ್ನ ಹುಡಕೂದಿಲ್ಲ.

ಅದಕ್ಕ ಮೊದಲ ಓದ್ರಿ. ರಕಮು, ತಾರೀಖು ತುಂಬ್ರಿ, ಸಹಿ ಮಾಡ್ರಿ, ಕಡೀಕ ಶಿಕ್ಕಾ. ಕೆಲಸ ಮುಗದ ಮ್ಯಾಲ ಠರಾವ್ ಪುಸ್ತಕದ ಜೋಡಿ ಟ್ರಂಕಿನಾಗ ಇಟ್ಟು, ಕೀಲಿ ಸೆರಗಿಗೆ ಕಟ್ಕೋರಿ. ಮನಿಯವರು ಸಿಟ್ಟಾದ್ರ ಚಾ ಕೊಡ್ರಿ, ಶಿಕ್ಕಾ ಕೊಡಬ್ಯಾಡ್ರಿ.