ಕ್ರೀಮಿನ ಚೀಟಿಗೆ ಕೊನೆಯ ತಾರೀಖು ಬೇಕು

ಮಳೆಗಾಲದಲ್ಲಿ ನೋಯ್ಡಾದ ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಹುಳುಕಡ್ಡಿಯವರೇ ಹೆಚ್ಚು. ಗಾರ್ಮೆಂಟ್ಸ್ ಕೆಲಸಗಾರರು, ಡೆಲಿವರಿ ಹುಡುಗರು, ಒಂದೇ ಕೋಣೆಯಲ್ಲಿ ನಾಲ್ಕೈದು ಜನ ಇರುವವರು. ಬಹುತೇಕರ ಜೇಬಿನಲ್ಲಿ ಅರ್ಧ ಹಿಂಡಿದ ಟ್ಯೂಬೊಂದು ಇರುತ್ತದೆ. "ಮೆಡಿಕಲ್‌ನವನು ಕೊಟ್ಟ. ಎರಡೇ ದಿನಕ್ಕೆ ತುರಿಕೆ ನಿಂತಿತ್ತು" ಎನ್ನುತ್ತಾರೆ.

ನಿಲ್ಲದೆ ಏನು? ಅದರಲ್ಲಿರುವುದು ಕ್ಲೋಬೆಟಾಸಾಲ್, ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತಿ ಪ್ರಬಲವಾದದ್ದು. ಜೊತೆಗೆ ಶಿಲೀಂಧ್ರದ ಔಷಧ, ಒಂದೆರಡು ಆಂಟಿಬಯಾಟಿಕ್. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ, ಚರ್ಮದ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆ. ಶಿಲೀಂಧ್ರ ಸದ್ದಿಲ್ಲದೆ ಹಬ್ಬುತ್ತದೆ. ಉಂಗುರದಂತಿದ್ದ ಅಂಚು ಮಾಸಿ, ರೋಗದ ಗುರುತೇ ಕೆಡುತ್ತದೆ. ಕೆಲವೇ ವಾರಗಳಲ್ಲಿ ವಾಸಿಯಾಗುತ್ತಿದ್ದ ಹುಳುಕಡ್ಡಿಗೆ ಈಗ ತಿಂಗಳುಗಟ್ಟಲೆ ಮಾತ್ರೆ ನುಂಗಿಸಬೇಕಾಗಿದೆ. ಶಿಲೀಂಧ್ರನಾಶಕ ಔಷಧ ಟರ್ಬಿನಾಫಿನ್‌ಗೆ ಬಗ್ಗದ ಶಿಲೀಂಧ್ರವೊಂದಕ್ಕೆ 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೇ ಎಂಬ ಹೆಸರು ಬಿತ್ತು. 2023ರಲ್ಲಿ ಅದು ಅಮೆರಿಕದಲ್ಲೂ ಪತ್ತೆಯಾಯಿತು. ಇಂಥ ಮಿಶ್ರಣಗಳ ಅಡ್ಡಾದಿಡ್ಡಿ ಬಳಕೆಯೂ ಅದರ ಹಬ್ಬುವಿಕೆಗೆ ಒಂದು ಕಾರಣವೆಂದು ತಜ್ಞರು ಎಣಿಸುತ್ತಾರೆ.

ಇದು ಓದದವರ ಸಮಸ್ಯೆ ಎಂದುಕೊಳ್ಳಬೇಡಿ. ದೆಹಲಿಯ ಆರ್.ಕೆ. ಪುರಂನ ಕರ್ನಾಟಕ ಸಂಘದಲ್ಲಿ ಸಿಕ್ಕ ಉಪನ್ಯಾಸಕಿಯೊಬ್ಬರು ಬ್ಯಾಗಿನಿಂದ ಟ್ಯೂಬು ತೆಗೆದು ತೋರಿಸಿದರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್. ಬಂಗಿಗೆ ಕೆಲವು ವಾರ ಮಾತ್ರ ಹಚ್ಚಬೇಕಾದದ್ದು. ಅವರು ಬೆಳ್ಳಗಾಗಲೆಂದು ವರ್ಷಗಟ್ಟಲೆ ಹಚ್ಚಿದ್ದರು. ಕೆನ್ನೆ ತೆಳುವಾಗಿ ಕೆಂಪು ರಕ್ತನಾಳಗಳು ಎದ್ದು ಕಾಣುತ್ತಿದ್ದವು. "ಬಿಟ್ಟರೆ ಉರಿ, ಹಚ್ಚಿದರೆ ಹಾಯ್ ಅನಿಸುತ್ತೆ ಡಾಕ್ಟ್ರೇ" ಎಂದರು. ಮೊದಲು ಬರೆದುಕೊಟ್ಟದ್ದು ವೈದ್ಯರೇ. ಆ ಚೀಟಿಯ ಫೋಟೋ ಮೊಬೈಲಿನಲ್ಲಿತ್ತು. ಎಂದು ನಿಲ್ಲಿಸಬೇಕೆಂಬುದು ಅದರಲ್ಲಿರಲಿಲ್ಲ.

ಕಾನೂನು ಇದೆ. ಚರ್ಮವೈದ್ಯರ ಸಂಘ ಐಎಡಿವಿಎಲ್ ಬಹುಕಾಲ ಒತ್ತಾಯಿಸಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಕ್ರೀಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಗಲ್ಲಿಯ ಅಂಗಡಿಯಲ್ಲಿ ಬಾಯಿಮಾತಿಗೇ ಸಿಗುತ್ತದೆ. ಅಲ್ಲಿ ತಪಾಸಣೆ ಬಿಗಿಯಾಗಬೇಕು, ನಿಜ. ಆದರೆ ಅದಕ್ಕೆ ಕಾಯದೆ ನಾವು ವೈದ್ಯರು ಇವತ್ತೇ ಮಾಡಬಹುದಾದದ್ದು ಒಂದಿದೆ.

ಸ್ಟೀರಾಯ್ಡ್ ಬರೆದಾಗಲೆಲ್ಲ ಮೂರು ಸಂಗತಿಗಳನ್ನು ರೋಗಿಯ ಭಾಷೆಯಲ್ಲಿ ಬರೆಯೋಣ: ಎಲ್ಲಿಗೆ, ಎಷ್ಟು, ಯಾವ ತಾರೀಖಿನವರೆಗೆ. ಎಷ್ಟು ಎನ್ನುವುದಕ್ಕೆ ಸುಲಭ ಅಳತೆಯಿದೆ. ತೋರುಬೆರಳಿನ ಕೊನೆಯ ಗೆರೆಯಿಂದ ತುದಿಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಇಸಬಿನಿಂದ ನರಳುವ ಮಗುವಿಗೆ ಸ್ಟೀರಾಯ್ಡ್ ಎಂಬ ಹೆಸರು ಕೇಳಿಯೇ ಹಚ್ಚದೆ ಬಿಡುವ ತಾಯಂದಿರೂ ಇದ್ದಾರೆ. ಅವರ ಅಂಜಿಕೆಗೂ ಹೀಗೆ ಬರೆದುಕೊಡುವುದೇ ಉತ್ತರ.

ಒಪಿಡಿ ಸಾಲಿನ ಮಧ್ಯೆ ಸಮಯವೆಲ್ಲಿ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ತಾರೀಖು ಬರೆಯಲು ಕ್ಷಣ ಸಾಕು, ಕೆಟ್ಟ ಚರ್ಮ ಸುಧಾರಿಸಲು ತಿಂಗಳುಗಳು ಬೇಕು. ನಾವು ಮರೆತರೆ ಕುರ್ಚಿ ಬಿಟ್ಟು ಏಳುವ ಮೊದಲು ನೀವೇ ಕೇಳಿ: "ಡಾಕ್ಟ್ರೇ, ಇದನ್ನು ಯಾವತ್ತು ನಿಲ್ಲಿಸಬೇಕು?"